ಭಟ್ಟಿಗೊಂದು ಬಣ್ಣದ ಸಾಕ್ಷಿ

ಗಂಡ ಸತ್ತ ಹೆಂಗಸಿನ ವಿಷಯದಲ್ಲಿ ನಮ್ಮ ಮ್ಯಾಸಚೂಸೆಟ್ಸಿನ ಕಾನೂನು ಬಹಳ ಧಾರಾಳ. ಬದುಕಿರುವ ತನಕ ಮನೆಯ ಮೂರನೇ ಒಂದು ಪಾಲು ಅವಳದ್ದು. ಮೂರನೇ ಒಂದು ಎಂದರೆ ಮೂರನೇ ಒಂದೇ. ಮೆಟ್ಟಿಲು ಒಂಬತ್ತಿದ್ದರೆ ಅವಳಿಗೆ ಮೂರು. ಮಿಕ್ಕ ಆರನ್ನು ಹಾರಿಕೊಂಡು ಹತ್ತಬೇಕೋ ಹೇಗೋ, ಅದನ್ನು ಕಾನೂನು ಮಾಡಿದವರು ಬರೆದಿಲ್ಲ. ನನ್ನ ತಾಯಿಗೆ ಅಣ್ಣನ ಮನೆಯಲ್ಲಿ ಎರಡು ಕಿಟಕಿ, ನೆಲಮಾಳಿಗೆಯ ಉತ್ತರದ ಮೂಲೆ, ಮತ್ತೆ ಬಾವಿಗೆ ಹೋಗಿಬರುವ ದಾರಿ ಸಿಕ್ಕಿತ್ತು. ಬಾವಿಯ ಹಗ್ಗ ಸಿಕ್ಕಿರಲಿಲ್ಲ. ಹಗ್ಗ ಮನೆಯ ಭಾಗವಲ್ಲ, ಸಾಮಾನು ಎಂದು ಅಣ್ಣ ವಾದಿಸಿ ಗೆದ್ದಿದ್ದ. ಅಮ್ಮ ಸಾಯುವವರೆಗೂ ಹೊಳೆಯ ನೀರು ಹೊತ್ತಳು.

ಇಂಥ ಪಾಲು ಮಾಡಲು ಊರಿನ ಮೂವರು ಗಣ್ಯರನ್ನು ನ್ಯಾಯಾಧೀಶರು ಆರಿಸಿ ಕಾಗದ ಕಳಿಸುತ್ತಾರೆ. ಮೂವರೂ ಒಪ್ಪಿ ರುಜು ಹಾಕಿದರೆ ಮಾತ್ರ ಪಾಲು ಪಾಲಾಗುತ್ತದೆ. ಸಾವಿರದ ಎಂಟುನೂರ ಇಪ್ಪತ್ತೊಂಬತ್ತರ ಮಾರ್ಚಿನಲ್ಲಿ ನಮ್ಮ ಚರ್ಚಿನ ಡೀಕನ್, ಅಂದರೆ ಸಭೆಯ ಹಿರಿಯ, ಎಲಿಫಲೆಟ್ ಗೇಲಾರ್ಡ್ ತೀರಿಕೊಂಡಾಗ ಆ ಕಾಗದ ಬಂದದ್ದು ಸ್ಕ್ವೈರ್ ಪೆಲಟಾಯಾ, ಕ್ಯಾಪ್ಟನ್ ಝೀನಸ್ ಮತ್ತು ನನ್ನ ಹೆಸರಿಗೆ. ಸ್ಕ್ವೈರ್ ಎಂದರೆ ಊರಿನಲ್ಲಿ ಪ್ರಮಾಣ ಮಾಡಿಸುವ ಅಧಿಕಾರ ಇರುವ ಮನುಷ್ಯ. ಆ ಅಧಿಕಾರವನ್ನು ಊಟಕ್ಕೆ ಕೂತಾಗಲೂ ಬಿಚ್ಚಿಡುವುದಿಲ್ಲ. ಕ್ಯಾಪ್ಟನ್ ನಮ್ಮ ಊರ ಪಡೆಯ ಮುಖ್ಯಸ್ಥ. ವರ್ಷಕ್ಕೊಮ್ಮೆ ಕವಾಯತಿನ ದಿನ ಹಸುಗಳನ್ನು ಓಡಿಸಿ ಹುಲ್ಲುಗಾವಲನ್ನು ಶತ್ರುಗಳಿಂದ ಬಿಡಿಸಿಕೊಡುವುದು ಅವನ ಕೆಲಸ. ನಾನು ಜಾಬೆಜ್, ಪೀಪಾಯಿ ಮಾಡುವವನು. ನನ್ನನ್ನು ಯಾಕೆ ಆರಿಸಿದರೋ ಗೊತ್ತಿಲ್ಲ. ಪ್ರಾಯಶಃ ನೇರ ಗೆರೆ ಎಳೆಯಲು ಬರುತ್ತದೆ ಎಂದಿರಬೇಕು.

ಡೀಕನ್ನನ ಮನೆಯಲ್ಲಿ ಇದ್ದವರು ಮೂರು ಜನ. ವಿಧವೆ ಕೆಜಾಯಾ. ಅವಳು ಡೀಕನ್ನನ ಎರಡನೇ ಹೆಂಡತಿ, ಇಪ್ಪತ್ತೆರಡು ವರ್ಷ ಅವನ ಮನೆಯಲ್ಲಿ ದುಡಿದವಳು, ಸ್ವಂತ ಮಕ್ಕಳಿಲ್ಲ. ಮೊದಲ ಹೆಂಡತಿಯ ಮಗ ಅಸಾಹೆಲ್, ಅವನ ಹೆಂಡತಿ ಲೊವೈನಾ. ಅಸಾಹೆಲ್ ಕೆಟ್ಟವನಲ್ಲ. ಕೆಟ್ಟವನಾಗಬೇಕಾದರೆ ಒಂದು ನಿರ್ಧಾರ ಬೇಕು, ಅವನ ನಿರ್ಧಾರಗಳನ್ನೆಲ್ಲ ಲೊವೈನಾ ಮಾಡುತ್ತಿದ್ದಳು.

ಬೆಳಿಗ್ಗೆಯಿಂದ ಸೀಮೆಸುಣ್ಣದ ದಾರ ಹಿಡಿದು ಮನೆಯನ್ನು ಸೀಳಿದೆವು. ಪೂರ್ವದ ಕೋಣೆ ವಿಧವೆಗೆ. ಅದರ ಮೇಲಿನ ಅಟ್ಟ ವಿಧವೆಗೆ. ಕೊಟ್ಟಿಗೆಯಲ್ಲಿ ಒಂದು ಹಸು ನಿಲ್ಲುವಷ್ಟು ಜಾಗ, ಆದರೆ ಹಸು ತಿರುಗಿಕೊಂಡರೆ ಅದರ ಬಾಲ ಅಸಾಹೆಲನ ಪಾಲಿಗೆ ಬರುತ್ತಿತ್ತು. ಇದನ್ನು ಹೇಗೆ ಬರೆಯುವುದೆಂದು ಸ್ಕ್ವೈರ್ ಅರ್ಧ ಗಂಟೆ ಯೋಚಿಸಿದ. ಕೆಜಾಯಾ ಯಾವುದಕ್ಕೂ ತಕರಾರು ತೆಗೆಯಲಿಲ್ಲ. ನಮ್ಮ ಹಿಂದೆ ಹಿಂದೆ ಬರುತ್ತಾ, ನಾವು ನೆಲಕ್ಕೆ ಹಾಕಿದ ಸುಣ್ಣದ ಗೆರೆಯನ್ನು ತುಳಿಯದಂತೆ ದಾಟುತ್ತಿದ್ದಳು. ನಾವು ಅಡುಗೆಮನೆಗೆ ಬಂದಾಗ ಮಾತ್ರ ನಿಂತಳು.

ಅಡುಗೆಮನೆಯ ದೊಡ್ಡ ಒಲೆಯ ಪಕ್ಕ, ಗೋಡೆಯೊಳಗೆ ಕಟ್ಟಿದ ಇಟ್ಟಿಗೆಯ ಭಟ್ಟಿ ಇತ್ತು. ಶನಿವಾರ ಬೆಳಿಗ್ಗೆ ಅದರೊಳಗೆ ಸೌದೆ ಉರಿಸಿ, ಕೆಂಡ ಗುಡಿಸಿ ತೆಗೆದು, ವಾರಕ್ಕಾಗುವ ಬ್ರೆಡ್ಡು ಸುಡುವುದು ಎಲ್ಲರ ಮನೆಯ ಪದ್ಧತಿ. ಆದರೆ ಆ ಭಟ್ಟಿಯಿಂದ ಕೆಜಾಯಾ ತೆಗೆಯುತ್ತಿದ್ದ ಬ್ರೆಡ್ಡು ಎಲ್ಲರ ಮನೆಯದಲ್ಲ. ಕಾವು ಸಾಕಾಯಿತೇ ಎಂದು ನೋಡಲು ಬರಿಗೈಯನ್ನು ಒಳಗೆ ಚಾಚಿ ಎಣಿಸುತ್ತಾರೆ. ತಡೆಯಲಾರದೆ ಕೈ ಹಿಂದಕ್ಕೆಳೆದಾಗ ಎಣಿಕೆ ಎಷ್ಟಾಗಿತ್ತು ಎನ್ನುವುದೇ ಲೆಕ್ಕ, ಒಂದೊಂದು ಭಟ್ಟಿಗೆ ಒಂದೊಂದು ಎಣಿಕೆ. ಕೆಜಾಯಾಳ ಬಲಗೈಯಲ್ಲಿ ಮೊಣಕೈವರೆಗೆ ಒಂದು ಕೂದಲಿರಲಿಲ್ಲ.

“ಆ ಭಟ್ಟಿ ನಂಗೆ ಬೇಕು. ಬೇಕಾದ್ರೆ ಅಟ್ಟ ವಾಪಸ್ ತಗೊಳ್ಳಿ,” ಅಂದಳು.

ಅವಳಿಗೆ ಅದು ಯಾಕೆ ಬೇಕು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಭಟ್ಟಿ ಇದ್ದರೆ ತನ್ನ ಕೋಣೆಯಲ್ಲಿ ತನ್ನ ಬ್ರೆಡ್ಡು. ಮಿಕ್ಕಿದ್ದನ್ನು ಪಾದ್ರಿಯ ಮನೆಗೂ ಗಿರಣಿಯವನಿಗೂ ಕೊಟ್ಟರೆ ಹಿಟ್ಟು ಬರುತ್ತದೆ, ಸೌದೆ ಬರುತ್ತದೆ. ಭಟ್ಟಿ ಇಲ್ಲದಿದ್ದರೆ ಲೊವೈನಾಳ ಮೇಜಿನ ತುದಿಯಲ್ಲಿ ಕೂತು, ಲೊವೈನಾ ಎಷ್ಟು ದಪ್ಪ ಕೊಯ್ದು ಹಾಕುತ್ತಾಳೋ ಅಷ್ಟನ್ನು, ಇನ್ನು ಹದಿನೈದು ಇಪ್ಪತ್ತು ವರ್ಷ ತಿನ್ನಬೇಕು. ನಮ್ಮ ಕಡೆಯ ಹೆಂಗಸರಿಗೆ ಆಯಸ್ಸು ಜಾಸ್ತಿ, ಅದೇ ದೊಡ್ಡ ಕಷ್ಟ.

ಲೊವೈನಾ ಕೈಕಟ್ಟಿಕೊಂಡು ಒಲೆಗೆ ಅಡ್ಡವಾಗಿ ನಿಂತಳು. ಒಂದು ಭಟ್ಟಿಗೆ ಇಬ್ಬರು ಯಜಮಾನಿಯರು ಆಗುವುದಿಲ್ಲ, ಈ ಭಟ್ಟಿ ಮೊದಲಿನಿಂದಲೂ ತನ್ನದು ಎಂದಳು. ಕ್ಯಾಪ್ಟನ್ ಕೆಮ್ಮಿದ. ಅವನು ಹೋದ ಶನಿವಾರವೇ ಕೆಜಾಯಾಳ ಬ್ರೆಡ್ಡು ತಿಂದಿದ್ದ. ಅದರ ಪುಡಿ ಇನ್ನೂ ಗಡ್ಡದಲ್ಲಿತ್ತು ಎಂದರೂ ನಂಬಬಹುದು. ನಾನೂ ತಿಂದವನೇ. ಸ್ಕ್ವೈರ್ ಎಲ್ಲರಿಗಿಂತ ಹೆಚ್ಚು ತಿಂದವನು. ಲೊವೈನಾಳನ್ನು ಎಂಟು ವರ್ಷದಲ್ಲಿ ಕೆಜಾಯಾ ಆ ಭಟ್ಟಿಯ ಹತ್ತಿರ ಬಿಟ್ಟುಕೊಂಡಿರಲೇ ಇಲ್ಲ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಅದು ಲೊವೈನಾಗೆ ಎಂಟು ವರ್ಷದ ಹುಣ್ಣು, ಅದನ್ನೂ ಒಪ್ಪಿಕೊಳ್ಳುತ್ತೇನೆ. ತನ್ನ ಮನೆಯಲ್ಲಿ ತಾನೇ ನೆಂಟರ ಹಾಗೆ ಬಾಳುವುದು ಯಾರಿಗೂ ಸುಖವಲ್ಲ.

“ಸಾಕ್ಷಿ ಏನಿದೆ?” ಎಂದು ಸ್ಕ್ವೈರ್ ಕೇಳಿದ. ಅವನ ಹೊಟ್ಟೆಯೇ ಸಾಕ್ಷಿ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

“ಸಾಕ್ಷಿ ಗೋಡೆ ಮೇಲಿದೆಯಲ್ಲ,” ಅಂದಳು ಲೊವೈನಾ.

ಇತ್ತು. ಒಲೆಯ ಮೇಲ್ಗಡೆ, ಗಿಲೀಟು ಚೌಕಟ್ಟಿನಲ್ಲಿ, ಎಂಟು ವರ್ಷದ ಹಿಂದೆ ಬರೆಸಿದ ದೊಡ್ಡ ಬಣ್ಣದ ಚಿತ್ರ. ಅದರಲ್ಲಿ ಇದೇ ಅಡುಗೆಮನೆ. ನಡುವೆ ಡೀಕನ್ ನಿಂತಿದ್ದಾನೆ. ಅವನ ಮುಂದೆ ಕುರ್ಚಿಯಲ್ಲಿ ಕೆಜಾಯಾ ಜರತಾರಿ ಟೋಪಿ ಹಾಕಿಕೊಂಡು, ತೊಡೆಯ ಮೇಲೆ ಪುಸ್ತಕ ತೆರೆದುಕೊಂಡು ಕೂತಿದ್ದಾಳೆ. ಅಸಾಹೆಲ್ ಬಾಗಿಲಿನ ಬಳಿ ಯಾರಾದರೂ ಕರೆಯಲಿ ಎಂದು ಕಾಯುವವನ ಹಾಗೆ ನಿಂತಿದ್ದಾನೆ. ಭಟ್ಟಿಯ ಬಾಯಿಯ ಹತ್ತಿರ, ನೀಲಿ ರೇಷ್ಮೆ ತೊಟ್ಟು, ಬ್ರೆಡ್ಡು ತೆಗೆಯುವ ಉದ್ದ ಹಿಡಿಯ ಹಲಗೆಯನ್ನು ರಾಜದಂಡದ ಹಾಗೆ ಹಿಡಿದು, ಲೊವೈನಾ.

ಸ್ಕ್ವೈರ್ ಕನ್ನಡಕ ಏರಿಸಿ ಚಿತ್ರವನ್ನು ನೋಡಿದ. ಬಹಳ ಹೊತ್ತು ನೋಡಿದ. “ಸ್ಪಷ್ಟವಾಗಿದೆ,” ಅಂದ.

ಸ್ಕ್ವೈರ್ ಅಷ್ಟು ದಡ್ಡನೇ ಎಂದು ನೀವು ಕೇಳಬಹುದು. ಅಲ್ಲ. ಇದು ಅರ್ಥವಾಗಬೇಕಾದರೆ ಆ ಚಿತ್ರಗಾರನ ವಿಷಯ ಹೇಳಬೇಕು.

ಅವನ ಹೆಸರು ಟ್ರಾಸ್ಕ್. ಒಂಟಿ ಕುದುರೆಯ ಗಾಡಿಯಲ್ಲಿ ಬಣ್ಣ ಬಟ್ಟೆ ಹೇರಿಕೊಂಡು ಊರೂರು ಅಲೆಯುವವನು. ಅದಕ್ಕೆ ಮೊದಲು ಛತ್ರಗಳಿಗೆ ಬೋರ್ಡು ಬರೆಯುತ್ತಿದ್ದನಂತೆ. ಆ ಬೇಸಿಗೆಯೆಲ್ಲ ನಮ್ಮ ಊರಿನಲ್ಲೇ ಬಿಡಾರ ಹೂಡಿ, ಯಾರ ಚಿತ್ರ ಬರೆಯುತ್ತಾನೋ ಅವರ ಮನೆಯಲ್ಲೇ ಉಂಡು ಮಲಗುತ್ತಿದ್ದ. ಗುಂಡಿ, ಜರಿ, ಕುರ್ಚಿಯ ಕಾಲು ಇವನ್ನೆಲ್ಲ ಕಣ್ಣಿಗೆ ಕಟ್ಟುವಂತೆ ಬರೆಯುತ್ತಿದ್ದ. ಮನುಷ್ಯರ ಕೈ ಮಾತ್ರ ಬರುತ್ತಿರಲಿಲ್ಲ. ಅವನು ಬರೆದ ಕೈಗಳೆಲ್ಲ ಬಿಳಿ ಮೂಲಂಗಿಯ ಕಟ್ಟುಗಳು. ಆದರೂ ಅವನಿಗೆ ಒಂದು ದೊಡ್ಡ ವಿದ್ಯೆ ಗೊತ್ತಿತ್ತು. ಕುಂಚ ಎತ್ತುವ ಮೊದಲು ತಲೆ ಓರೆ ಮಾಡಿ, ಬಹಳ ಮರ್ಯಾದೆಯಿಂದ ಒಂದೇ ಪ್ರಶ್ನೆ ಕೇಳುತ್ತಿದ್ದ: “ನಿಮ್ಮ ಹಿಂದುಗಡೆ ಏನಿರ್ಲಿ?”

ಸ್ಕ್ವೈರ್ ತನ್ನ ಹಿಂದೆ ಪುಸ್ತಕಗಳಿರಲಿ ಅಂದ. ಅವನ ಮನೆಯಲ್ಲಿ ಇದ್ದದ್ದು ಒಂದು ಪಂಚಾಂಗ, ಮತ್ತೆ ರಟ್ಟು ಹೋದ ಒಂದು ಕಾನೂನಿನ ಪುಸ್ತಕ. ಚಿತ್ರದಲ್ಲಿ ನಾಲ್ಕು ಸಾಲು ಕಪಾಟು, ಎಲ್ಲಕ್ಕೂ ಚರ್ಮದ ರಟ್ಟು. ಕ್ಯಾಪ್ಟನ್ನನ ಹಿಂದೆ ಬಿಳಿ ಕುದುರೆ ಬಂತು, ಅದರ ಹಿಂದೆ ಯುದ್ಧದ ಹೊಗೆ ಎದ್ದಿತು. ಅವನು ಹತ್ತುತ್ತಿದ್ದದ್ದು ಹೇಸರಗತ್ತೆ. ಕಂಡ ಹೊಗೆಯೆಂದರೆ ಒಂದು ಕವಾಯತಿನ ದಿನ ತನ್ನದೇ ಬಂದೂಕಿನದು, ಅದರಲ್ಲಿ ಕಣ್ಣು ಕಾಣದೆ ಚರಂಡಿಗೆ ಬಿದ್ದಿದ್ದ. ನನ್ನ ಹಿಂದೆ ಕಿಟಕಿ, ಕಿಟಕಿಯಾಚೆ ಸಮುದ್ರ, ಸಮುದ್ರದ ಮೇಲೆ ಮೂರು ಹಾಯಿಗಂಬದ ಹಡಗು. ನಮ್ಮ ಊರಿಗೆ ಸಮುದ್ರ ಮೂರು ದಿನದ ದಾರಿ, ನಾನು ಇನ್ನೂ ಅದನ್ನು ಕಂಡಿಲ್ಲ. ಆದರೆ ನನ್ನ ಪೀಪಾಯಿಗಳು ಯಾವುದಾದರೂ ಹಡಗಿನಲ್ಲಿ ಹೋಗಿರಲೇಬೇಕು ಎಂದು ಟ್ರಾಸ್ಕ್ ವಾದಿಸಿದ. ನನಗೂ ಅದು ಬಹಳ ನ್ಯಾಯವಾಗಿ ಕಂಡಿತು.

ಇನ್ನು ನೂರು ವರ್ಷ ಬಿಟ್ಟು ಯಾರೋ ಈ ಚಿತ್ರಗಳನ್ನು ಸಾಲಾಗಿ ತೂಗುಹಾಕಿ, ಆ ಕಾಲದ ಜನ ಎಷ್ಟು ನೆಮ್ಮದಿಯಾಗಿ ಬಾಳುತ್ತಿದ್ದರು, ಒಬ್ಬೊಬ್ಬನೂ ಓದಿದವನು, ಶೂರ, ವ್ಯಾಪಾರಿ, ಹೆಂಗಸರಿಗೆ ಕೂತು ಪುಸ್ತಕ ಓದುವಷ್ಟು ಬಿಡುವು ಎಂದು ನಿಟ್ಟುಸಿರು ಬಿಡುತ್ತಾರೆ. ಬಿಡಲಿ. ಅವರ ಕಾಲದಲ್ಲೂ ಯಾರೋ ಒಬ್ಬ ಟ್ರಾಸ್ಕ್ ಇರುತ್ತಾನೆ.

ಈಗ ಸ್ಕ್ವೈರನ ಕಷ್ಟ ನಿಮಗೆ ತಿಳಿದಿರಬೇಕು. ಟ್ರಾಸ್ಕ್ ಬರೆದದ್ದು ಗೇಲಾರ್ಡರ ಮನೆಯಲ್ಲಿ ಸುಳ್ಳಾದರೆ ಸ್ಕ್ವೈರನ ಮನೆಯಲ್ಲಿ ನಿಜವಾಗುವುದು ಹೇಗೆ? ಭಟ್ಟಿಯ ಮುಂದೆ ನಿಂತ ಲೊವೈನಾಳನ್ನು ಅಲ್ಲಿಂದ ಕದಲಿಸಿದರೆ ನಾಲ್ಕು ಕಪಾಟಿನ ಪುಸ್ತಕ ಧಡಧಡ ಉದುರುತ್ತದೆ, ಬಿಳಿ ಕುದುರೆ ಬಾಲ ಎತ್ತಿ ಓಡುತ್ತದೆ, ನನ್ನ ಹಡಗು ಮುಳುಗುತ್ತದೆ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸ್ಕ್ವೈರ್ ಕಾಗದ ಬಿಡಿಸಿ, ಭಟ್ಟಿ ಮತ್ತು ಅಡುಗೆಮನೆ ಪೂರ್ತಿ ಅಸಾಹೆಲನ ಪಾಲು ಎಂದು ಬರೆದು ರುಜು ಹಾಕಿದ. ಕ್ಯಾಪ್ಟನ್ನನೂ ಹಾಕಿದ. ಲೇಖನಿ ನನ್ನ ಕೈಗೆ ಬಂತು.

ಕೆಜಾಯಾ ನನ್ನನ್ನೇ ನೋಡುತ್ತಿದ್ದಳು. ನನ್ನ ಹೆಂಡತಿಗೆ ಹೆರಿಗೆಯಾದಾಗ ಆರು ವಾರ ನಮ್ಮ ಮನೆಗೆ ಬ್ರೆಡ್ಡು ಕಳಿಸಿದವಳು ಅವಳು. ಅದನ್ನು ಅವಳು ನೆನಪಿಸಲಿಲ್ಲ. ನೆನಪಿಸಿದ್ದರೆ ಬೇಸರ ಮಾಡಿಕೊಂಡು ರುಜು ಹಾಕಿಬಿಡುತ್ತಿದ್ದೆನೇನೋ. ಮಸಿ ಒಣಗಿದೆ, ನಾಳೆ ಬೆಳಿಗ್ಗೆ ಹಾಕುತ್ತೇನೆ ಎಂದೆ. ಮಸಿ ಲೇಖನಿಯ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಇದೇ ನನ್ನ ಶೌರ್ಯ.

ಮನೆಗೆ ಬಂದು ಊಟಕ್ಕೆ ಕೂತೆ. ನನ್ನ ಹೆಂಡತಿ ಥಿರ್ಜಾ ಹುರುಳಿಕಾಯಿ ಬಡಿಸುತ್ತಾ ಏನಾಯಿತೆಂದು ಕೇಳಿದಳು. ಹೇಳಿದೆ. ನಾನು ಬಹಳ ಇಕ್ಕಟ್ಟಿನಲ್ಲಿದ್ದೇನೆ, ಸ್ಕ್ವೈರನನ್ನು ಎದುರು ಹಾಕಿಕೊಳ್ಳುವುದು ಸಣ್ಣ ಮಾತಲ್ಲ, ಚಿತ್ರ ಎಂಬುದೂ ಒಂದು ರೀತಿಯ ದಾಖಲೆ ಎಂದೆಲ್ಲ ವಿವರಿಸಿದೆ. ಅವಳು ತಲೆಯೆತ್ತಿ ಗೋಡೆಯ ಮೇಲಿದ್ದ ನನ್ನನ್ನೂ ಹಡಗನ್ನೂ ನೋಡಿದಳು.

“ರೀ, ಈ ಹಡಗು ಯಾವತ್ತು ಬರುತ್ತೆ?”

“ಯಾಕೆ?”

“ಎಂಟು ವರ್ಷದಿಂದ ಅಲ್ಲೇ ನಿಂತಿದೆಯಲ್ಲ. ಬಂದ್ರೆ ಅದರಲ್ಲಿ ಕೆಜಾಯಕ್ಕನ್ನ ಎಲ್ಲಿಗಾದ್ರೂ ಕಳಿಸಿಬಿಡಿ. ನೀವ್ ಮೂರೂ ಜನ ನೆಮ್ಮದಿಯಾಗಿರಿ.”

ಮೂರು ವಾರ ಆ ಚಿತ್ರಗಾರನಿಗೆ ಅನ್ನ ಹಾಕಿದ್ದು ತಾನು, ಬಟ್ಟೆ ಒಗೆದದ್ದು ತಾನು, ಆದರೆ ಚಿತ್ರದಲ್ಲಿ ತನ್ನ ಲಂಗದ ಅಂಚೂ ಇಲ್ಲ, ಜಾಗವನ್ನೆಲ್ಲ ಸಮುದ್ರ ತಿಂದಿದೆ ಎಂದೂ ಸೇರಿಸಿದಳು. ಆ ಮೇಲೆ ಮಾತಾಡಲಿಲ್ಲ. ಥಿರ್ಜಾ ಮಾತಾಡುವುದಕ್ಕಿಂತ ಮಾತಾಡದಿರುವುದು ನನಗೆ ಹೆಚ್ಚು ಕೇಳಿಸುತ್ತದೆ.

ಬೆಳಿಗ್ಗೆ ಎದ್ದು ಚಿತ್ರವನ್ನು ಗೋಡೆಯಿಂದ ಇಳಿಸಿದೆ. ಗೋಡೆಯಲ್ಲಿ ಅಷ್ಟಗಲ ಬಿಳಿ ಮಚ್ಚೆ ಉಳಿಯಿತು. ಪೀಪಾಯಿ ತಳ್ಳುವ ಕೈಗಾಡಿಯಲ್ಲಿ ಅದನ್ನು ನಿಲ್ಲಿಸಿ, ಹಗ್ಗ ಕಟ್ಟಿ, ಊರಿನ ನಡುದಾರಿಯಲ್ಲಿ ತಳ್ಳಿಕೊಂಡು ಹೊರಟೆ. ನೋಡಿದವರೆಲ್ಲ ಮಾತಾಡಿಸಿದರು. ಹಡಗನ್ನು ಸಮುದ್ರಕ್ಕೆ ಬಿಡಲು ಹೊರಟೆಯಾ ಎಂದು ಕಮ್ಮಾರ ಕೇಳಿದ. ಗಿರಣಿಯವನು ನನ್ನನ್ನೇ ಹಡಗಿನ ಕ್ಯಾಪ್ಟನ್ ಮಾಡಿ, ಗಾಳಿ ಯಾವ ಕಡೆಗಿದೆ ಎಂದ. ನನ್ನ ಮುಖ ಉರಿಯುತ್ತಿತ್ತು, ಆದರೆ ಸುಳ್ಳು ಹೇಳುವುದಿಲ್ಲ, ಒಳಗೆ ಸಂತೋಷವೂ ಆಗುತ್ತಿತ್ತು. ಇಷ್ಟು ದೊಡ್ಡ ತ್ಯಾಗವನ್ನು ಈ ಊರಿನಲ್ಲಿ ಯಾರೂ ಮಾಡಿರಲಾರರು ಎನಿಸುತ್ತಿತ್ತು.

ಗೇಲಾರ್ಡರ ಅಡುಗೆಮನೆಯಲ್ಲಿ ಎಲ್ಲರೂ ಕಾಯುತ್ತಿದ್ದರು. ಚಿತ್ರವನ್ನು ಮೇಜಿನ ಮೇಲೆ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು ಹೇಳಿದೆ:

“ನೋಡಿ, ಇದು ನಾನು. ಆ ಹಡಗು ನಂದಲ್ಲ. ಸಮುದ್ರಾನೂ ನಾನು ನೋಡಿಲ್ಲ. ಈ ಕೋಟು ಟ್ರಾಸ್ಕನದ್ದು, ಬೆನ್ನ ಹಿಂದೆ ಪಿನ್ನು ಹಾಕಿದ್ದ. ಇದೆಲ್ಲ ಸುಳ್ಳು ಅಂತ ಬೈಬಲ್ ಮುಟ್ಟಿ ಹೇಳ್ತೀನಿ. ಇದನ್ನ ಬರೆದ ಕೈಯೇ ಅದನ್ನೂ ಬರ್ದಿದ್ದು. ಆದ್ರಿಂದ ಅದು ಸಾಕ್ಷಿ ಆಗಲ್ಲ. ನಾನು ರುಜು ಹಾಕಲ್ಲ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ಸ್ಕ್ವೈರ್ ಬಹಳ ಹೊತ್ತು ನನ್ನ ಹಡಗನ್ನು ನೋಡಿದ. ಒಬ್ಬ ಪೀಪಾಯಿಯವನು ತನ್ನ ಮನೆಯ ಗೋಡೆಯ ಮೇಲೆ ಸುಳ್ಳು ನೇತುಹಾಕಿಕೊಂಡಿದ್ದರೆ ಅದು ಆ ಪೀಪಾಯಿಯವನ ಚಾರಿತ್ರ್ಯದ ವಿಷಯವಾಯಿತೇ ಹೊರತು, ಅದರಿಂದ ಬೇರೆಯವರ ಚಿತ್ರಗಳ ಮೇಲೆ ಕಳಂಕ ಬರುವುದಿಲ್ಲ ಎಂದು ಹೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಹಾಗಾದರೆ ನಿಮ್ಮ ಮನೆಗೇ ಹೋಗೋಣ, ನಾಲ್ಕು ಕಪಾಟಿನಿಂದ ಒಂದೇ ಒಂದು ಪುಸ್ತಕ ತೆಗೆದುಕೊಡಿ, ಈಗಲೇ ರುಜು ಹಾಕುತ್ತೇನೆ ಎಂದೆ.

ಕ್ಯಾಪ್ಟನ್ ಝೀನಸ್ ತನ್ನ ಬೂಟುಗಳನ್ನು ನೋಡಿಕೊಂಡ. ಅವನು ಪುಕ್ಕಲ, ಆದರೆ ಒಳ್ಳೆಯ ಮನುಷ್ಯ. ಆ ಎರಡನ್ನೂ ಒಟ್ಟಿಗೆ ಹೊರುವುದು ಅವನಿಗೆ ಯಾವಾಗಲೂ ಭಾರವೇ.

“ಕುದುರೆ ನಂದಲ್ಲ,” ಅಂದ ಕೊನೆಗೆ, ಬಹಳ ಮೆಲ್ಲಗೆ. “ಹೊಗೆ... ಹೊಗೆ ಸ್ವಲ್ಪ ನಂದು.”

ನಾನು ನಗಲಿಲ್ಲ. ಅವನನ್ನು ತಬ್ಬಿಕೊಳ್ಳಬೇಕು ಎನಿಸಿತು. ಅವನು ತನ್ನ ರುಜುವನ್ನು ಹೊಡೆದುಹಾಕಿದ. ಲೊವೈನಾ ಗಂಡನ ಕಡೆ ನೋಡಿದಳು. ಅಸಾಹೆಲ್ ಕಿಟಕಿಯಾಚೆ ನೋಡಿದ.

ಸ್ಕ್ವೈರ್ ಒಬ್ಬನೇ ಆದ. ಒಬ್ಬನೇ ಆದ ಅಧಿಕಾರಿಗೆ ಉಳಿಯುವುದು ಕ್ರಮ ಮಾತ್ರ. ಅವನು ಹೊಸ ಕಾಗದ ತೆಗೆದ. ಸರಿ, ಚಿತ್ರ ಸುಳ್ಳಾದರೆ ಸುಳ್ಳೆಂದೇ ದಾಖಲಾಗಲಿ, ಆದರೆ ಯಾವ ಯಾವ ಭಾಗ ಸುಳ್ಳು ಎನ್ನುವುದನ್ನು ವಿಧವೆಯೇ ಪ್ರಮಾಣ ಮಾಡಿ ಹೇಳಬೇಕು, ತಾನು ಒಂದೊಂದಾಗಿ ಬರೆದುಕೊಳ್ಳುತ್ತೇನೆ, ಒಂದು ಬಿಟ್ಟರೂ ಪತ್ರ ನಿಲ್ಲುವುದಿಲ್ಲ ಎಂದ. ಅದು ಕಾನೂನೋ ಸೇಡೋ ನನಗೆ ಗೊತ್ತಾಗಲಿಲ್ಲ. ಬಹಳ ಸಲ ಎರಡರ ಕೈಬರಹವೂ ಒಂದೇ ಇರುತ್ತದೆ. ಆದರೂ ನನಗೆ ಗೆದ್ದೆವು ಎನಿಸಿತು. ಒಂದೆರಡು ಮಾತು ಹೇಳುವುದೇನು ಕಷ್ಟ?

ಕೆಜಾಯಾ ಮುಂದೆ ಬಂದು ಬೈಬಲ್ ಮೇಲೆ ಕೈಯಿಟ್ಟಳು. ಒಲೆಯ ಮೇಲಿನ ಚಿತ್ರವನ್ನು ಇಳಿಸಿ ಕಿಟಕಿಯ ಕೆಳಗೆ ಬೆಳಕಿಗೆ ಒರಗಿಸಿದೆವು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿರಲಿಲ್ಲ. ಅವಳು ನೋಡಿದ್ದಳು ಎನ್ನುವುದು ಗೊತ್ತಾಗುತ್ತಿತ್ತು. ಚೌಕಟ್ಟಿನ ಮೇಲೆ ಎಲ್ಲೂ ಧೂಳಿರಲಿಲ್ಲ, ದಿನವಿಡೀ ಹೊಗೆಯಾಡುವ ಅಡುಗೆಮನೆಯಲ್ಲಿ.

“ಟೋಪಿ?” ಎಂದು ಸ್ಕ್ವೈರ್ ಕೇಳಿದ.

“ನಂದಲ್ಲ. ಲೊವೈನಾದು.”

“ಪುಸ್ತಕ?”

“ಆ ಚಿತ್ರಗಾರಂದು. ಕುದುರೆಗೆ ಬರೋ ಕಾಯಿಲೆಗಳ ಪುಸ್ತಕ. ತೆರೆದ ಪುಟದಲ್ಲಿ ಗೊರಸು ಕೊಳೆಯೋದ್ರ ವಿಷಯ ಇತ್ತು.”

ಕ್ಯಾಪ್ಟನ್ನನಿಗೆ ನಗು ಬಂತು. ಕೆಜಾಯಾ ನಗಲಿಲ್ಲ. ಕ್ಯಾಪ್ಟನ್ನನೂ ನಿಲ್ಲಿಸಿದ.

“ಕೈಗಳು?”

ಅವಳು ಬೈಬಲ್ ಮೇಲಿದ್ದ ತನ್ನ ಕೈಯನ್ನು ನೋಡಿದಳು. ಸುಟ್ಟ ಕಲೆಗಳು, ಬಾಗಿದ ಬೆರಳು, ಒಡೆದ ಉಗುರು. ಸ್ಕ್ವೈರ್ ಉತ್ತರಕ್ಕೆ ಕಾಯದೆ ಬರೆದುಕೊಂಡ.

“ಕುರ್ಚಿಯಲ್ಲಿ ಕೂತಿದ್ದು?”

“ಚಿತ್ರಕ್ಕೋಸ್ಕರ ಐದು ದಿನ, ಬೆಳಿಗ್ಗೆ ಬೆಳಿಗ್ಗೆ ಕೂತಿದ್ದೆ. ಡೀಕನ್ನನ ಹೆಂಡತಿ ನಿಂತಿದ್ರೆ ಚೆನ್ನಾಗಿರಲ್ಲ ಅಂತ ಯಜಮಾನ್ರೇ ಹೇಳಿದ್ರು. ಆ ವಾರ ಭಟ್ಟಿ ಹೊತ್ತಿಸ್ಲೇ ಇಲ್ಲ. ಆಮೇಲೆ ಕೂತಿಲ್ಲ.”

ಸ್ಕ್ವೈರ್ ಬರೆದ: ಕೂರುತ್ತಿರಲಿಲ್ಲ. ಲೇಖನಿ ಮಸಿಗದ್ದಿ ಮತ್ತೆ ಚಿತ್ರದ ಕಡೆ ಬಗ್ಗಿದ. ಇನ್ನು ಮುಗಿಯಿತು ಎಂದು ನಾನು ನನ್ನ ಚಿತ್ರಕ್ಕೆ ಹಗ್ಗ ಸುತ್ತತೊಡಗಿದ್ದೆ.

“ಈ ಕೈ?”

ತಿರುಗಿ ನೋಡಿದೆ. ಡೀಕನ್ನನ ಬಲಗೈ. ಕೋಟಿನ ಕಪ್ಪು ತೋಳಿನಿಂದ ಇಳಿದು, ಆ ಮೂಲಂಗಿ ಬೆರಳುಗಳು ಕೆಜಾಯಾಳ ಎಡ ಹೆಗಲ ಮೇಲೆ ಕೂತಿದ್ದವು. ಎಂಟು ವರ್ಷದಲ್ಲಿ ನೂರು ಸಲ ಆ ಚಿತ್ರದ ಕೆಳಗೆ ಕೂತು ಉಂಡಿದ್ದೇನೆ. ಆ ಕೈಯನ್ನು ನಾನು ಕಂಡಿರಲೇ ಇಲ್ಲ.

ಕೆಜಾಯಾ ತನ್ನ ಎಡ ಹೆಗಲನ್ನು ಒಮ್ಮೆ ನೋಡಿಕೊಂಡಳು.

“ಬಿಡಿ ಸ್ಕ್ವೈರ್ರೇ,” ಅಂದ ಕ್ಯಾಪ್ಟನ್. “ಭಟ್ಟಿಗೂ ಅದಕ್ಕೂ ಏನು ಸಂಬಂಧ?”

ಪ್ರಮಾಣವೆಂದ ಮೇಲೆ ಪೂರ್ತಿಯಾಗಬೇಕು ಎಂದು ಸ್ಕ್ವೈರ್ ಹೇಳಿದ. ಒಂದು ಭಾಗ ನಿಜವೆಂದು ಬಿಟ್ಟರೆ ನಾಳೆ ಲೊವೈನಾ ತಾನು ನಿಂತ ಭಾಗವೂ ನಿಜವೆಂದು ಕೋರ್ಟಿಗೆ ಹೋಗಬಹುದು ಎಂದ. ಅವನು ಹೇಳಿದ್ದು ಸರಿಯಾಗಿತ್ತು, ಅದೇ ಕೆಟ್ಟದ್ದು. ಮಾತನ್ನು ಇಲ್ಲಿಯವರೆಗೆ ತಂದವನು ನಾನೇ ಅಲ್ಲವೇ?

ಲೊವೈನಾ ಇದ್ದಕ್ಕಿದ್ದಂತೆ, “ಅತ್ತೆ, ಬೇಡ ಬಿಡಿ,” ಅಂದಳು. ಯಾವುದು ಬೇಡವೋ ಅವಳಿಗೂ ಗೊತ್ತಿತ್ತೋ ಇಲ್ಲವೋ. ಕೆಜಾಯಾ ಅವಳ ಕಡೆ ತಿರುಗಲಿಲ್ಲ. ಚಿತ್ರವನ್ನೇ ನೋಡುತ್ತಿದ್ದಳು.

“ಅವರ ಕೈ ಎಲ್ಲಿಡೋದು ಅಂತ ಚಿತ್ರಗಾರನಿಗೆ ಗೊತ್ತಾಗ್ಲಿಲ್ಲ,” ಅಂದಳು. “ಮೊದಲು ಜೇಬಲ್ಲಿ ಬರೆದ. ಚೆನ್ನಾಗಿ ಕಾಣ್ಲಿಲ್ಲ ಅಂತ ಅಳಿಸಿದ. ಆಮೇಲೆ ಇಲ್ಲಿ ಇಟ್ಟ. ಅವರು ಮನೇಲಿರ್ಲಿಲ್ಲ ಅವತ್ತು. ಹೊಲಕ್ಕೆ ಹೋಗಿದ್ರು.”

“ಅಂದ್ರೆ?”

“ಅಂದ್ರೆ ಸುಳ್ಳು. ಇಪ್ಪತ್ತೆರಡು ವರ್ಷದಲ್ಲಿ ಯಾವತ್ತೂ ಇಲ್ಲ. ಬರ್ಕೊಳ್ಳಿ.”

ಸ್ಕ್ವೈರ್ ಬರೆದುಕೊಂಡ. ಲೇಖನಿಯ ಕೀರಲು ಸದ್ದು ನಿಲ್ಲುವವರೆಗೂ ಅವಳು ಬೈಬಲ್ ಮೇಲಿಂದ ಕೈ ತೆಗೆಯಲಿಲ್ಲ. ಆಮೇಲೆ ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಮಸಿ ಚೆಲ್ಲದಂತೆ ಬರೆದಳು. ಮಂಗಳವಾರ ಮತ್ತು ಶನಿವಾರ ಭಟ್ಟಿ ವಿಧವೆಯದು, ಅದಕ್ಕೆ ಹೋಗಿಬರುವ ದಾರಿ ಅವಳದು, ಬೂದಿಯಲ್ಲಿ ಮೂರನೇ ಒಂದು ಪಾಲೂ ಅವಳದು ಎಂದು ಮೂವರೂ ರುಜು ಹಾಕಿದೆವು. ನನ್ನ ರುಜು ಎಲ್ಲಕ್ಕಿಂತ ದೊಡ್ಡದಾಗಿ ಬಂತು, ಯಾಕೋ ಏನೋ.

ಎಲ್ಲರೂ ಹೊರಗೆ ಹೋದರು. ನಾನು ಹಿಂದೆ ಉಳಿದೆ. ಅವಳು ನನಗೆ ಏನಾದರೂ ಹೇಳುತ್ತಾಳೆ ಎಂದು ಕಾದೆ. ನಿಜ ಹೇಳಬೇಕೆಂದರೆ ಒಂದು ಮಾತಿನ ಕೃತಜ್ಞತೆಗೆ ಕಾದೆ. ಊರೆಲ್ಲ ನಗುವಂತೆ ಹಡಗು ತಳ್ಳಿಕೊಂಡು ಬಂದವನು ನಾನಲ್ಲವೇ? ಆ ಹಡಗನ್ನು ಸಂಜೆ ಮತ್ತೆ ಅದೇ ಮೊಳೆಗೆ ನೇತುಹಾಕುವವನೂ ನಾನೇ. ಅದು ಈಗಲೂ ಅಲ್ಲೇ ಇದೆ. ಬಂದವರಿಗೆ ಅದನ್ನು ತೋರಿಸಿ ಈ ಕಥೆ ಹೇಳುತ್ತೇನೆ, ಅವರು ನಗುತ್ತಾರೆ, ಹಡಗಿನಿಂದ ನನಗೆ ಮೊದಲಿಗಿಂತ ಹೆಚ್ಚು ಮರ್ಯಾದೆ ಬಂದಿದೆ. ನನ್ನ ಸುಳ್ಳು ನನಗೆ ಒಂದು ಗೀರೂ ಬೀಳದೆ ವಾಪಸು ಸಿಕ್ಕಿತು.

ಕೆಜಾಯಾ ಭಟ್ಟಿಯ ಬಾಗಿಲು ತೆರೆದು, ಮಂಡಿಯೂರಿ ಹಳೆಯ ಬೂದಿ ಬಳಿಯುತ್ತಿದ್ದಳು. ಚಿತ್ರ ಇನ್ನೂ ಕಿಟಕಿಯ ಕೆಳಗೆ ಒರಗಿಕೊಂಡಿತ್ತು. ಸಾಮಾನಿನ ಪಟ್ಟಿಯಲ್ಲಿ ಅದನ್ನು ಯಾರ ಪಾಲಿಗೂ ಬರೆದಿರಲಿಲ್ಲ, ನಾವು ಮೂವರೂ ಮರೆತಿದ್ದೆವು. ಏನಾದರೂ ಒಂದು ಒಳ್ಳೆಯ ಕೆಲಸ ಮಾಡಬೇಕು ಎನಿಸಿತು.

“ಕೆಜಾಯಕ್ಕ, ಈ ಚಿತ್ರ ನಿನ್ನ ಕೋಣೇಲಿ ಹಾಕ್ಲಾ? ನಾನು ಹೇಳಿದ್ರೆ ಕ್ಯಾಪ್ಟನ್ ಒಪ್ತಾನೆ.”

ಅವಳು ಬಳಿಯುವುದನ್ನು ನಿಲ್ಲಿಸಲಿಲ್ಲ.

“ಬೇಡಪ್ಪ. ಲೊವೈನಾಗೆ ಕೊಡು,” ಅಂದಳು. “ಅದರಲ್ಲಿ ನಾನಿಲ್ಲ ಅಂತ ಈಗ ತಾನೇ ಬರ್ಕೊಟ್ಟೆನಲ್ಲ.”